ಕ್ಷಮೆ ಸಿಕ್ಕಿದೆ ಅಂತಾರೆ, ಮತ್ತೆ ನಿದ್ದೆ ಯಾಕೆ ಬರಲ್ಲ?

ಪ್ರಶ್ನೆ: ನನಗೆ ಈಗ 58 ವರ್ಷ. ಹುಟ್ಟಿನಿಂದ ಕ್ರೈಸ್ತ. ತಾತನ ಕಾಲದಿಂದ ಒಂದೇ ಸಭೆಗೆ ಹೋಗುತ್ತಿದ್ದೇವೆ. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಊರಿನ ಮೂರು ಎಕರೆ ಜಮೀನನ್ನು ಪೂರ್ತಿ ನನ್ನ ಹೆಸರಿಗೆ ಮಾಡಿಸಿಕೊಂಡೆ. ಇರುವವಳು ಒಬ್ಬಳೇ ತಂಗಿ. ‘ಬೆಳೆ ಸಾಲಕ್ಕೆ ಒಂದು ಸಹಿ ಬೇಕು’ ಅಂತ ಹೇಳಿ ಅವಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದೆ. ಅವಳು ಓದದೇ ಹಾಕಿದಳು. ಆಮೇಲೆ ಗೊತ್ತಾಗಿದೆ, ಆದರೆ ಒಂದು ದಿನವೂ ಕೇಳಿಲ್ಲ. ಕ್ರಿಸ್‌ಮಸ್‌ಗೆ ಬರುತ್ತಾಳೆ, ಊಟ ಮಾಡಿ ಹೋಗುತ್ತಾಳೆ. ದೇವರ ಮುಂದೆ ಎಷ್ಟೋ ಸಲ ಅತ್ತಿದ್ದೇನೆ. ‘ಕ್ರಿಸ್ತನ ರಕ್ತದಿಂದ ನಿಮಗೆ ವಿಮೋಚನೆ ಆಗಿದೆ, ಸುಮ್ನೆ ನಂಬಿ’ ಅಂತಾರೆ ನಮ್ಮ ಸಭಾಪಾಲಕರು. ಆಗಿದ್ದರೆ ನನಗೆ ನಿದ್ದೆ ಯಾಕೆ ಬರಲ್ಲ? ನನ್ನ ಮಟ್ಟಿಗೆ ವಿಮೋಚನೆ ಅಂದರೆ ಏನು? ಈಚೆಗೆ ಕರ್ತನ ಭೋಜನವನ್ನೂ (ಸಭೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಬಿಟ್ಟಿದ್ದೇನೆ. ತೆಗೆದುಕೊಳ್ಳಬಹುದಾ?
(ಹೆಸರು ಬೇಡ, ಧಾರವಾಡ ಜಿಲ್ಲೆ)

ಉತ್ತರ: ಸಹೋದರರೇ, ಇದನ್ನು ಬರೆದು ಕಳಿಸುವುದು ನಿಮಗೆ ಎಷ್ಟು ಕಷ್ಟವಾಗಿರಬೇಕು ಅನ್ನುವುದು ಓದುವಾಗಲೇ ಗೊತ್ತಾಗುತ್ತದೆ. ಹಾಗಾಗಿ ನಾನೂ ಸುತ್ತಿಬಳಸಿ ಮಾತಾಡುವುದಿಲ್ಲ. ನಿಮ್ಮ ಸಭಾಪಾಲಕರು ಹೇಳಿದ್ದು ನಿಜ. ಆದರೆ ಅರ್ಧಕ್ಕೇ ನಿಲ್ಲಿಸಿದ್ದಾರೆ. ಉಳಿದರ್ಧ ಹೇಳಲು ನಮ್ಮಂಥ ಬೋಧಕರಿಗೆ ಯಾವತ್ತೂ ಮುಜುಗರ. ಪಾಪದ ಬಗ್ಗೆ ಒಂದು ಗಂಟೆ ಬೋಧನೆ ಮಾಡಿದರೂ ಯಾರೂ ಎದ್ದು ಹೋಗುವುದಿಲ್ಲ. ಜಮೀನಿನ ಉತಾರದಲ್ಲಿ (ಪಹಣಿಯಲ್ಲಿ) ಯಾರ ಹೆಸರಿದೆ ಅಂತ ಕೇಳಿ ನೋಡಿ, ಮುಂದಿನ ಭಾನುವಾರ ಅರ್ಧ ಬೆಂಚು ಖಾಲಿ.

ಸತ್ಯವೇದಕ್ಕೆ, ಅಂದರೆ ಬೈಬಲಿಗೆ, ಆ ಮುಜುಗರ ಇಲ್ಲ. ಅಲ್ಲಿ ವಿಮೋಚನೆಯ, ಅಂದರೆ ಬೆಲೆ ಕೊಟ್ಟು ಬಿಡಿಸಿಕೊಳ್ಳುವ ಮಾತು ಬರುವುದೇ ಹೊಲ, ಸಾಲ, ಆಳಾಗಿ ಮಾರಿಹೋದ ಮನುಷ್ಯರು ಇವುಗಳ ನಡುವೆ. ಯಾಜಕಕಾಂಡದ 25ನೇ ಅಧ್ಯಾಯ ತೆಗೆಯಿರಿ. ಬಡತನಕ್ಕೆ ಸಿಕ್ಕಿ ಒಬ್ಬ ಹೊಲ ಮಾರಿದರೆ ಹತ್ತಿರದ ಸಂಬಂಧಿಕ ಬಂದು ಬಿಡಿಸಿಕೊಡಬೇಕು. ಅವನೇ ಪರರಿಗೆ ಮಾರಿಹೋದರೆ ಅಣ್ಣತಮ್ಮಂದಿರಲ್ಲಿ ಒಬ್ಬನೋ ಚಿಕ್ಕಪ್ಪನೋ ದುಡ್ಡು ಕೊಟ್ಟು ಬಿಡಿಸಬೇಕು. ಯಾರೂ ಬರದಿದ್ದರೂ 50ನೇ ವರ್ಷ ಹೊಲ ಹಳೆಯ ಮನೆತನಕ್ಕೆ ವಾಪಸ್. ಕಾರಣವನ್ನು ದೇವರು ಒಂದೇ ಮಾತಿನಲ್ಲಿ ಹೇಳುತ್ತಾನೆ: ಭೂಮಿ ನನ್ನದು, ನೀವು ಇಲ್ಲಿ ಪರದೇಶಿಗಳು.

ಈ ಕಾನೂನು ಕೆಲಸ ಮಾಡುವುದನ್ನು ನೋಡಬೇಕಾದರೆ ರೂತಳ ಪುಸ್ತಕದ 4ನೇ ಅಧ್ಯಾಯಕ್ಕೆ ಬನ್ನಿ. ಬೇತ್ಲೆಹೇಮಿನ ಊರಬಾಗಿಲು, ಥೇಟ್ ನಮ್ಮ ಪಂಚಾಯ್ತಿ ಕಟ್ಟೆ. ಬೋವಜ ಹತ್ತು ಜನ ಹಿರಿಯರನ್ನು ಕೂರಿಸಿಕೊಂಡಿದ್ದಾನೆ. ನೊವೊಮಿ ಅನ್ನುವ ಹೆಂಗಸು ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಮೋವಾಬಿನಿಂದ ಊರಿಗೆ ಮರಳಿದ್ದಾಳೆ. ಜೊತೆಗೆ ಸೊಸೆ ರೂತಳು. ಅವರ ಹೊಲ ಬಿಡಿಸಬೇಕು. ಬೋವಜನಿಗಿಂತ ಹತ್ತಿರದ ಸಂಬಂಧಿಕ ಇನ್ನೊಬ್ಬನಿದ್ದಾನೆ, ಮೊದಲ ಹಕ್ಕು ಅವನದು. ‘ಬಿಡಿಸ್ತೀಯಾ?’ ಅಂದರೆ ‘ಬಿಡಿಸ್ತೀನಿ’ ಅನ್ನುತ್ತಾನೆ. ಹೊಲದ ಜೊತೆ ರೂತಳನ್ನೂ ಕೈಹಿಡಿದು ಸತ್ತವನ ಹೆಸರು ಉಳಿಸಬೇಕು ಅಂದ ತಕ್ಷಣ ರಾಗ ಬದಲು. ‘ನನ್ನ ಸ್ವಂತ ಆಸ್ತಿಗೆ ಕುತ್ತು ಬರುತ್ತೆ, ನನ್ನಿಂದಾಗಲ್ಲ’ ಅಂತ ಕಾಲಿನ ಕೆರ ಬಿಚ್ಚಿ ಕೊಡುತ್ತಾನೆ. ಹಕ್ಕು ಬಿಟ್ಟುಕೊಟ್ಟೆ ಅನ್ನುವುದಕ್ಕೆ ಆಗಿನ ಕಾಲದ ರಿಜಿಸ್ಟ್ರಿ ಅದೇ. ಬೋವಜ ಎರಡನ್ನೂ ಒಪ್ಪಿಕೊಂಡ. ಹಿಂದೆ ಸರಿದವನ ಹೆಸರನ್ನು ಆ ಪುಸ್ತಕ ಬರೆದಿಡಲೂ ಇಲ್ಲ.

ಬಿಡಿಸುವವನು ಯಾರು ಅನ್ನುವುದು ಇಲ್ಲಿ ಸ್ಪಷ್ಟವಾಗುತ್ತದೆ. ಅವನು ಮನೆಯವನಾಗಿರಬೇಕು, ಅವನ ಕೈಲಿ ಆಗಬೇಕು, ತನಗೆ ನಷ್ಟವಾದರೂ ಆಗಲಿ ಅನ್ನಬೇಕು. ದೇವರು ಮನುಷ್ಯನಾಗಿಯೇ ಬಂದ ಅಂತ ಕ್ರೈಸ್ತರು ಇಷ್ಟು ಹಟ ಹಿಡಿದು ಹೇಳುವುದಕ್ಕೆ ಇದೂ ಒಂದು ಕಾರಣ. ದೂರದವನು ಬೇಕಾದರೆ ದಾನ ಕೊಡಬಹುದು. ಬಿಡಿಸಿಕೊಳ್ಳುವ ಹಕ್ಕು ರಕ್ತಸಂಬಂಧಿಗೆ ಮಾತ್ರ. ಅನೇಕರನ್ನು ಬಿಡಿಸಲು ತನ್ನ ಪ್ರಾಣವನ್ನೇ ಈಡಾಗಿ ಕೊಡಲು ಬಂದೆ ಅಂತ ಯೇಸು ಹೇಳಿದಾಗ (ಮಾರ್ಕ 10:45) ಕೇಳುತ್ತಿದ್ದ ಯೆಹೂದ್ಯರಿಗೆ ಈ ಹಿನ್ನೆಲೆ ಎಲ್ಲ ಗೊತ್ತಿತ್ತು.

ಒಂದು ಕಟುವಾದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾಜಕಕಾಂಡದ ಲೆಕ್ಕ ಹಿಡಿದರೆ, ನಿಮ್ಮ ತಂಗಿಗೆ ಕಷ್ಟ ಬಂದು ಅವಳ ನೆಲ ಕೈತಪ್ಪಿದರೆ ಬಿಡಿಸಿಕೊಡಬೇಕಾದ ಮೊದಲ ಮನುಷ್ಯ ನೀವು. ನೀವು ಕೈ ಹಾಕಿದ್ದು ಅವಳ ಪಾಲಿಗೇ. ನಿದ್ದೆ ಕೆಡುವುದಕ್ಕೆ ಇಷ್ಟು ಸಾಕು. ನಿದ್ದೆ ಚೆನ್ನಾಗಿ ಬರುತ್ತಿದ್ದರೆ ನಾನು ನಿಮ್ಮ ಬಗ್ಗೆ ಜಾಸ್ತಿ ಚಿಂತೆ ಮಾಡುತ್ತಿದ್ದೆ.

ಕ್ರಿಸ್ತ ಬೆಲೆ ಕೊಟ್ಟ ಅಂದರೆ ಯಾರಿಗೆ ಕೊಟ್ಟ? ಈ ಪ್ರಶ್ನೆ ದೊಡ್ಡ ದೊಡ್ಡವರ ತಲೆ ತಿಂದಿದೆ. 3ನೇ ಶತಮಾನದ ಒರಿಜೆನ್ ಸೈತಾನನಿಗೆ ಅಂದ. 4ನೇ ಶತಮಾನದ ನಾಜಿಯಾನ್ಜಸ್‌ನ ಗ್ರೆಗರಿಗೆ ಅದು ಕೇಳುವುದಕ್ಕೇ ಆಗಲಿಲ್ಲ, ಕಳ್ಳನಿಗೆ ದೇವರು ದುಡ್ಡು ಎಣಿಸಿಕೊಡುವುದಾ ಅಂತ. 11ನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮ್, ದೇವರ ಮಾನಕ್ಕೆ ಆದ ನಷ್ಟ ತುಂಬಿಕೊಟ್ಟದ್ದು ಅಂತ ವಾದ ಕಟ್ಟಿದ. ಆಮೇಲೆ ಬಂದ ಅಬೆಲಾರ್ಡ್, ಶಿಲುಬೆಯ ಪ್ರೀತಿ ಕಂಡು ನಮ್ಮ ಮನಸ್ಸು ತಿರುಗುವುದೇ ಮುಖ್ಯ ಅಂದ. ನಾವು ಪ್ರತಿ ವಾರ ಹೇಳುವ ವಿಶ್ವಾಸಪ್ರಮಾಣ ಇದರಲ್ಲಿ ಯಾವುದನ್ನೂ ಆರಿಸಿಲ್ಲ. ಸೆಮಿನರಿಯ ಹುಡುಗರು ರಾತ್ರಿಯೆಲ್ಲ ಇದರ ಮೇಲೆ ಜಗಳ ಆಡಲಿ. ನೀವು ಬೆಲೆ ಯಾರಿಗೆ ಸಂದಿತು ಅನ್ನುವುದನ್ನು ಬಿಟ್ಟು, ನಷ್ಟ ಯಾರಿಗೆ ಆಯಿತು ಅನ್ನುವುದನ್ನು ಹಿಡಿದುಕೊಳ್ಳಿ.

ಈಗ ನಿಮ್ಮ ನಡುವಿನ ಪ್ರಶ್ನೆಗೆ, ‘ನನ್ನ ಮಟ್ಟಿಗೆ’ ಅನ್ನುವುದಕ್ಕೆ ಬರುತ್ತೇನೆ. ಇದನ್ನು ಕೇಳಿದವರಿಗೆಲ್ಲ ನಾನು ತೋರಿಸುವುದು ಯೇಸುವಿನ ಅಪೊಸ್ತಲ ಪೌಲ ಫಿಲೆಮೋನ ಅನ್ನುವ ವಿಶ್ವಾಸಿಗೆ ಬರೆದ ಪತ್ರ. ಬರೀ 25 ವಚನ. ಚಹಾ ಆರುವುದರೊಳಗೆ ಓದಿ ಮುಗಿಸಬಹುದು. ಒನೇಸಿಮ ಅನ್ನುವ ಗುಲಾಮ ಫಿಲೆಮೋನನ ಮನೆ ಬಿಟ್ಟು ಬಂದಿದ್ದಾನೆ. ಬರುವಾಗ ಏನಾದರೂ ಎತ್ತಿಕೊಂಡು ಬಂದನೋ, ಬೇರೆ ಏನಾದರೂ ನಷ್ಟ ಮಾಡಿದನೋ ಪತ್ರ ಬಿಡಿಸಿ ಹೇಳುವುದಿಲ್ಲ. ಸೆರೆಯಲ್ಲಿದ್ದ ಪೌಲನ ಹತ್ತಿರ ಬಂದು ಅವನು ವಿಶ್ವಾಸಿಯಾಗುತ್ತಾನೆ. ಪೌಲ ಅವನನ್ನು ಒಡೆಯನ ಹತ್ತಿರ ವಾಪಸ್ ಕಳಿಸುತ್ತಾನೆ, ‘ಇನ್ನು ಮೇಲೆ ಗುಲಾಮನ ಹಾಗಲ್ಲ, ಪ್ರಿಯ ಸಹೋದರನ ಹಾಗೆ ಸೇರಿಸಿಕೋ’ ಅಂತ.

ಪೌಲ ತನ್ನ ಪತ್ರಗಳನ್ನು ಬೇರೆಯವರ ಕೈಲಿ ಬರೆಸುವುದಿತ್ತು. ರೋಮಾಪುರದವರಿಗೆ ಬರೆದ ಪತ್ರವನ್ನು ಬರೆದುಕೊಂಡವನು ತೆರ್ತ್ಯ. ಕೊನೆಯಲ್ಲಿ ಅವನೇ ತನ್ನ ಹೆಸರು ಹೇಳಿ ನಮಸ್ಕಾರ ಹಾಕುತ್ತಾನೆ. ಫಿಲೆಮೋನನ ಪತ್ರದಲ್ಲಾದರೆ 19ನೇ ವಚನದ ಹೊತ್ತಿಗೆ ಪೌಲ ತನ್ನ ಕೈಬರಹವನ್ನೇ ಸಾಕ್ಷಿಗೆ ನಿಲ್ಲಿಸುತ್ತಾನೆ. ಅವನಿಂದ ನಿನಗೇನಾದರೂ ನಷ್ಟವಾಗಿದ್ದರೆ, ಅವನು ಏನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು. ಪೌಲನಾದ ನಾನೇ ಕೈಯಾರೆ ಬರೆದಿದ್ದೇನೆ, ನಾನೇ ತೀರಿಸುತ್ತೇನೆ. ಇದು ಪ್ರೋನೋಟು ಕಣ್ರೀ. ಕೈಗೆ ಬೇಡಿ ಹಾಕಿಸಿಕೊಂಡು ಕೂತ ಮುದುಕ ಇನ್ನೊಬ್ಬನ ಸಾಲಕ್ಕೆ ಬರೆದುಕೊಟ್ಟ ಪ್ರೋನೋಟು.

ಸಾಲವೇ ಇಲ್ಲ ಅಂತ ಪೌಲ ಹೇಳಲಿಲ್ಲ ಅನ್ನುವುದನ್ನು ನೋಡಿ. ಒನೇಸಿಮ ದೇವರ ಮುಂದೆ ಸರಿಯಾಗಿದ್ದಾನೆ, ಇನ್ನು ನೀನು ಮರೆತುಬಿಡು ಅಂತಲೂ ಹೇಳಲಿಲ್ಲ. ನಷ್ಟ ಆಗಿದ್ದರೆ ಅದನ್ನು ಯಾರಾದರೂ ಹೊರಬೇಕು, ನಾನು ಹೊರುತ್ತೇನೆ ಅಂದ. ಇನ್ನೊಂದು, ಒನೇಸಿಮ ತಾನೇ ಆ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕಿತ್ತು. ತಪ್ಪಿಸಿಕೊಂಡ ಗುಲಾಮನಿಗೆ ಕಠಿಣ ಶಿಕ್ಷೆ ಕೊಡುವ ಅಧಿಕಾರ ಆ ಕಾಲದ ಒಡೆಯರಿಗಿತ್ತು. ಅಂಥ ಮನೆಗೆ ಅವನು ಹೋಗಬಹುದಾದ ಧೈರ್ಯ ಬಂದದ್ದು ಆ ಪತ್ರದಿಂದ.

ನಿಮ್ಮ ಮಟ್ಟಿಗೆ ವಿಮೋಚನೆ ಅಂದರೆ ಇದು: ‘ಇವನ ಸಾಲ ನನ್ನ ಲೆಕ್ಕಕ್ಕೆ ಹಾಕು’ ಅಂತ ಯೇಸು ನಿಮ್ಮ ಬಗ್ಗೆ, ನಿಮ್ಮ ಹೆಸರು ಹಿಡಿದು, ದೇವರ ಮುಂದೆ ಹೇಳಿದ್ದಾನೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು ‘ಮಾಡಿದ್ದುಣ್ಣೋ ಮಹರಾಯ’. ಅದು ಸುಳ್ಳಲ್ಲ, ದಿನಾ ಕಣ್ಣಿಗೆ ಕಾಣುತ್ತದೆ. ನಾನು ಮಾಡಿದ್ದನ್ನು ಇನ್ನೊಬ್ಬ ಉಂಡ ಅನ್ನುವುದೇ ಶಿಲುಬೆಯ ಸುದ್ದಿ. ಇದನ್ನು ನಿಜವಾಗಿ ನಂಬಿದವನಿಗೆ ಒಂದು ಭಯ ಹೋಗುತ್ತದೆ, ತಪ್ಪು ಬಯಲಾದರೆ ನಾನು ಮುಗಿದೇ ಹೋದೆ ಅನ್ನುವ ಭಯ. ಅದು ಹೋದರೆ ತಪ್ಪನ್ನು ಇದ್ದ ಹಾಗೇ ಹೇಳಬಹುದು. ಚಿಕ್ಕದು ಮಾಡಬೇಕಿಲ್ಲ, ಹಂಚಿಕೊಳ್ಳಬೇಕಿಲ್ಲ.

ನಿಮ್ಮ ಪತ್ರದಲ್ಲಿ ‘ಅವಳು ಓದದೇ ಹಾಕಿದಳು’ ಅಂತ ಒಂದು ಪುಟ್ಟ ಸಾಲಿದೆ. ಅದನ್ನು ಯಾಕೆ ಬರೆದಿರಿ? ತಪ್ಪಿನಲ್ಲಿ ಅವಳದೂ ಒಂದು ಚೂರು ಇರಲಿ ಅಂತ, ಅಲ್ವಾ? ಅಣ್ಣ ಕೊಟ್ಟ ಕಾಗದವನ್ನು ತಂಗಿ ಯಾಕೆ ಓದಬೇಕು? ಬೇಜಾರು ಮಾಡಿಕೊಳ್ಳಬೇಡಿ. ಆ ಒಂದು ಸಾಲು ನೋಡಿ ನಿಮ್ಮ ನಿದ್ದೆಯ ವಿಷಯ ನನಗೆ ಅರ್ಥವಾಯಿತು. ವಿಮೋಚನೆ ಆಗಿಲ್ಲ ಅಂತ ನಿಮಗೆ ನಿದ್ದೆ ಬರದೇ ಇರುವುದಲ್ಲ. ಹೋಗಬೇಕಾದ ಮನೆ ಯಾವುದು ಅಂತ ನಿಮಗೆ ಗೊತ್ತಿದೆ. ನೀವು ಪ್ರತಿ ಸಲ ಇನ್ನೊಂದು ಮನೆಯ ಬಾಗಿಲು ತಟ್ಟುತ್ತಿದ್ದೀರಿ. ತಂಗಿಯ ಮುಂದೆ ಹೇಳಬೇಕಾದ್ದನ್ನು ದೇವರ ಮುಂದೆ ಮಾತ್ರ ಹೇಳಿ ಬರುತ್ತಿದ್ದೀರಿ.

ಜಕ್ಕಾಯನ ಕಥೆ ನಿಮಗೆ ಸಂಡೇಸ್ಕೂಲಿನಿಂದಲೇ ಗೊತ್ತು. ಕುಳ್ಳ, ಮರ ಹತ್ತಿದ, ಯೇಸು ಕರೆದ. ನಾವು ಮರಕ್ಕೇ ನಿಲ್ಲಿಸಿಬಿಡುತ್ತೇವೆ. ಲೂಕನ 19ನೇ ಅಧ್ಯಾಯದಲ್ಲಿ ಅವನು ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಹಣವಂತ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅಂತೀವಲ್ಲ, ಅದೇ ಜಾತಿಯ ಮನುಷ್ಯ. ಇಲ್ಲಿ ಕ್ರಮ ಮುಖ್ಯ. ಅವನು ಒಂದು ಪೈಸೆ ವಾಪಸ್ ಕೊಡುವ ಮೊದಲೇ ಯೇಸು ‘ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಅನ್ನುತ್ತಾನೆ. ಊರವರು ಗೊಣಗುತ್ತಾರೆ. ದುಡ್ಡು ಕೊಡು ಅಂತ ಯೇಸು ಕೇಳಿದ ಅಂತ ಲೂಕ ಎಲ್ಲೂ ಬರೆದಿಲ್ಲ. ಜಕ್ಕಾಯ ತಾನೇ ಎದ್ದು ನಿಲ್ಲುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು.

ಈ ನಾಲ್ಕರಷ್ಟು ಅನ್ನುವುದು ಬಾಯಿಗೆ ಬಂದ ಲೆಕ್ಕವಲ್ಲ. ಕದ್ದ ಕುರಿಯನ್ನು ಕೊಂದೋ ಮಾರಿಯೋ ಸಿಕ್ಕಿಬಿದ್ದವನು ಒಂದಕ್ಕೆ ನಾಲ್ಕು ಕೊಡಬೇಕು ಅಂತ ವಿಮೋಚನಕಾಂಡದ 22ನೇ ಅಧ್ಯಾಯ ಹೇಳುತ್ತದೆ. ತಾನಾಗಿ ತಪ್ಪು ಒಪ್ಪಿಕೊಂಡವನಿಗೆ ಇಷ್ಟಿಲ್ಲ. ಅರಣ್ಯಕಾಂಡದ 5ನೇ ಅಧ್ಯಾಯದ ಪ್ರಕಾರ ಅವನು ಪೂರ್ತಿ ಮೊತ್ತ ಕೊಟ್ಟು, ಮೇಲೆ ಐದರಲ್ಲೊಂದು ಪಾಲು ಸೇರಿಸಿದರೆ ಸಾಕು. ಜಕ್ಕಾಯನನ್ನು ಯಾರೂ ಹಿಡಿದಿರಲಿಲ್ಲ. ಅವನು ಒಂದೂಕಾಲರೊಳಗೇ ಮುಗಿಸಬಹುದಿತ್ತು. ಸಿಕ್ಕಿಬಿದ್ದ ಕಳ್ಳನ ದರವನ್ನೇ ತನಗೆ ಹಾಕಿಕೊಂಡ. ಹಣದ ಮೇಲೆ ಅವನಿಗಿದ್ದ ಹಿಡಿತ, ಅಥವಾ ಹಣಕ್ಕೆ ಅವನ ಮೇಲಿದ್ದ ಹಿಡಿತ ಅನ್ನೋಣ, ಬಿಟ್ಟುಹೋಗಿತ್ತು. ‘ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು’ ಅಂತ ಯೇಸು ಹೇಳುವುದು ಆಗ.

ಹಾಗಾದರೆ ಜಮೀನು ವಾಪಸ್ ಕೊಟ್ಟರೆ ಸರಿಹೋಗುತ್ತದಾ? ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಯಾಕೆಂದರೆ ಸುವಾರ್ತೆಯಲ್ಲಿ ಹಣ ವಾಪಸ್ ಕೊಟ್ಟ ಇನ್ನೊಬ್ಬನಿದ್ದಾನೆ, ದುಡ್ಡಿಗೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದ. ಮತ್ತಾಯ 27ರಲ್ಲಿ ಅವನು 30 ಬೆಳ್ಳಿ ನಾಣ್ಯವನ್ನೂ ತಂದುಕೊಟ್ಟ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ. ನಾಣ್ಯದ ಲೆಕ್ಕ ಸರಿಯಾಗಿತ್ತು, ಪಾಪನಿವೇದನೆಯೂ ಸರಿಯಾಗಿತ್ತು. ಮಹಾಯಾಜಕರು ಕೊಟ್ಟ ಉತ್ತರ: ‘ಅದು ನಮಗೇನು? ನೀನೇ ನೋಡಿಕೋ.’ ಒಬ್ಬ ಮನುಷ್ಯನ ಕಿವಿಗೆ ಬೀಳಬಹುದಾದ ಮಾತುಗಳಲ್ಲಿ ಇದಕ್ಕಿಂತ ಕ್ರೂರವಾದದ್ದು ನನಗೆ ಗೊತ್ತಿಲ್ಲ. ಅವನು ಒಬ್ಬನೇ ನೋಡಿಕೊಳ್ಳಲು ಹೋದ, ಪ್ರಾಣ ಕಳೆದುಕೊಂಡ. ಇನ್ನೊಬ್ಬ ಶಿಷ್ಯ ಪೇತ್ರನ ಕೈಯಲ್ಲಿ ವಾಪಸ್ ಕೊಡುವುದಕ್ಕೆ ಏನೂ ಇರಲಿಲ್ಲ. ಯೇಸುವನ್ನು ಹಿಡಿದ ರಾತ್ರಿ ಮೂರು ಸಲ ‘ಆ ಮನುಷ್ಯನನ್ನು ಅರಿಯೆ’ ಅಂದಿದ್ದ. ಆಡಿದ ಮಾತನ್ನು ಯಾವ ಲೆಕ್ಕದಲ್ಲಿ ಹಿಂದಿರುಗಿಸುವುದು? ಆದರೆ ಯೋಹಾನ 21ರಲ್ಲಿ, ಯೇಸು ದಡದಲ್ಲಿ ನಿಂತಿದ್ದಾನೆ ಅಂತ ಗೊತ್ತಾದಾಗ ದೋಣಿಯಿಂದ ನೀರಿಗೆ ಹಾರಿ ಬಂದವನು ಅವನೇ. ಅಲ್ಲಿ ಇದ್ದಿಲ ಬೆಂಕಿ ಉರಿಯುತ್ತಿತ್ತು. ಮಹಾಯಾಜಕನ ಅಂಗಳದಲ್ಲಿ ಅವನು ಸುಳ್ಳು ಹೇಳಿದ್ದೂ ಇದ್ದಿಲ ಬೆಂಕಿಯ ಹತ್ತಿರವೇ. ಯೇಸು ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಕೇಳಿದ, ಮೂರು ಸಲವೂ ಕೆಲಸ ಒಪ್ಪಿಸಿದ.

ಯೂದ ಕೊಟ್ಟ, ಬರಲಿಲ್ಲ. ಪೇತ್ರ ಬಂದ. ಹಾಗಾಗಿ ‘ಅರ್ಧ ಜಮೀನು ಬರೆದುಕೊಟ್ಟು ನೆಮ್ಮದಿ ತೆಗೆದುಕೊಳ್ಳುತ್ತೇನೆ’ ಅಂತ ಹೊರಡಬೇಡಿ. ನೆಮ್ಮದಿ ಮಾರಾಟಕ್ಕಿಲ್ಲ. ಸಭೆಯೇ ಅದನ್ನು ಮಾರಾಟಕ್ಕಿಟ್ಟ ಕಾಲವೂ ಇತ್ತು. ರೋಮಿನ ಸಂತ ಪೇತ್ರರ ಮಹಾದೇವಾಲಯ ಕಟ್ಟಲು ಜರ್ಮನಿಯಲ್ಲಿ ಪಾಪದಂಡ ವಿನಾಯಿತಿ ಪತ್ರ ಮಾರಿದರು. 1517ರಲ್ಲಿ ಅಲ್ಲಿನ ಸಂನ್ಯಾಸಿ ಮಾರ್ಟಿನ್ ಲೂಥರ್ ಎದ್ದು ನಿಂತದ್ದು ಅದರ ವಿರುದ್ಧ. ಅವನ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಅಂತ. ಆ ಮಾತು ಬಿಟ್ಟು ‘ಕೃಪೆ ಪುಕ್ಕಟೆ’ ಅನ್ನುವುದನ್ನಷ್ಟೇ ನಾವು ಪ್ರಾಟೆಸ್ಟಂಟರು ಹಿಡಿದುಕೊಂಡೆವೇನೋ ಅಂತ ನನಗೆ ಆಗಾಗ ಅನ್ನಿಸುತ್ತದೆ. ಕಥೋಲಿಕರು ಈ ವಿಷಯದಲ್ಲಿ ನಮಗಿಂತ ನೇರ. 1992ರಲ್ಲಿ ಬಂದ ಅವರ ಧರ್ಮೋಪದೇಶ, ಪಾಪಕ್ಷಮೆ ಪಾಪವನ್ನು ತೆಗೆಯುತ್ತದೆ, ಆದರೆ ಪಾಪದಿಂದಾದ ಅನಾಹುತವನ್ನೆಲ್ಲ ಸರಿಮಾಡುವುದಿಲ್ಲ ಅಂತ ಹೇಳಿ, ಕದ್ದದ್ದನ್ನು ಹಿಂದಿರುಗಿಸುವುದನ್ನೇ ಮೊದಲ ಉದಾಹರಣೆಯಾಗಿ ಕೊಡುತ್ತದೆ.

‘ಇಷ್ಟು ವರ್ಷ ಸಭೆಗೆ ಹೋಗಿದ್ದೇನೆ, ಈಗ ಯಾಕೆ ಇದೆಲ್ಲ ಏಳುತ್ತಿದೆ’ ಅಂತ ನಿಮ್ಮ ಮನಸ್ಸಿನಲ್ಲಿ ಇರಬಹುದು. ಜಾನ್ ನ್ಯೂಟನ್ ಅನ್ನುವವನ ಬದುಕು ನೋಡಿ. 1725ರಲ್ಲಿ ಲಂಡನ್‌ನಲ್ಲಿ ಹುಟ್ಟಿದವನು. ಆಫ್ರಿಕಾದ ಜನರನ್ನು ಹಿಡಿದು ಅಮೆರಿಕದ ಕಡೆ ಮಾರುವ ಹಡಗುಗಳಲ್ಲಿ ಕೆಲಸ. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಮಧ್ಯೆ ಬಿರುಗಾಳಿಗೆ ಹಡಗು ಒಡೆದು ನೀರು ನುಗ್ಗಿತು. ಆ ರಾತ್ರಿ ಅವನು ದೇವರನ್ನು ಕೂಗಿದ. ಬದುಕಿ ಉಳಿದ. ಆ ದಿನವನ್ನು ಮುಂದೆ ಪ್ರತಿ ವರ್ಷ ಪ್ರಾರ್ಥನೆಗೆ ಮೀಸಲಿಟ್ಟ.

ಆಮೇಲೆ ಏನು ಮಾಡಿದ ಗೊತ್ತಾ? ಗುಲಾಮರ ಹಡಗಿನ ಕ್ಯಾಪ್ಟನ್ ಆದ. 1750ರಿಂದ 1754ರವರೆಗೆ ಮೂರು ಪಯಣ. ಭಾನುವಾರ ಮೇಲಿನ ಅಟ್ಟದಲ್ಲಿ ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. ಕೆಳಗೆ ಸಂಕೋಲೆಯಲ್ಲಿ ಜನ. ದಂಗೆಯ ಅನುಮಾನ ಬಂದಾಗ ಗುಲಾಮ ಹುಡುಗರ ಹೆಬ್ಬೆರಳಿಗೆ ತಿರುಪು ಬಿಗಿಸಿ ಬಾಯಿಬಿಡಿಸಿದ್ದನ್ನು ತನ್ನ ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. ಕೆಲಸ ಬಿಟ್ಟದ್ದು ಮನಸ್ಸಾಕ್ಷಿಗೆ ಹೆದರಿ ಅಲ್ಲ, ಆರೋಗ್ಯ ಕೈಕೊಟ್ಟದ್ದರಿಂದ. 1764ರಲ್ಲಿ ದೀಕ್ಷೆ ಪಡೆದು ಓಲ್ನಿ ಅನ್ನುವ ಊರಿನಲ್ಲಿ ಪಾದ್ರಿಯಾದ. ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಬಂದದ್ದು 1773ರ ಹೊಸ ವರ್ಷದ ಬೋಧನೆಗೆ. ಆಗಲೂ ಅವನು ಗುಲಾಮ ವ್ಯಾಪಾರದ ವಿರುದ್ಧ ಸಾರ್ವಜನಿಕವಾಗಿ ಬಾಯಿ ಬಿಟ್ಟಿರಲಿಲ್ಲ. ಬಿಟ್ಟದ್ದು 1788ರಲ್ಲಿ, ಒಂದು ಕಿರುಹೊತ್ತಿಗೆ ಬರೆದು. ಇದು ತಡವಾಗಿ ಬಂದ ತಪ್ಪೊಪ್ಪಿಗೆ, ಈಗ ನೆನೆದರೆ ಎದೆ ನಡುಗುವ ಕೆಲಸದಲ್ಲಿ ನಾನೂ ಕೈಯಾಡಿಸಿದವನು ಅನ್ನುವುದು ಯಾವತ್ತೂ ನನ್ನ ತಲೆ ತಗ್ಗಿಸುವ ವಿಷಯ ಅಂತ ಅದರಲ್ಲಿ ಬರೆದ. ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ.

ಬಿರುಗಾಳಿಯ ರಾತ್ರಿಯಿಂದ ಆ ಹೊತ್ತಿಗೆಯವರೆಗೆ 40 ವರ್ಷ. ಕೆಲವರು ಇದನ್ನು ಓದಿ, ಹಾಗಾದರೆ 1748ರಲ್ಲಿ ಅವನಿಗೆ ಆದದ್ದು ಸುಳ್ಳು ಅನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆದರೆ ಆ 40 ವರ್ಷದಲ್ಲಿ ಅವನ ಹಡಗಿನಲ್ಲಿ ಹೋದ ಜನರನ್ನೂ ಮರೆಯುವುದಿಲ್ಲ. ಅವನಿಗೆ ಕೃಪೆ ನಿಧಾನವಾಗಿ ಕೆಲಸ ಮಾಡಿತು ಅನ್ನುವುದು ಅವನಿಗೆ ಸಮಾಧಾನ, ಅವರಿಗಲ್ಲ. ನಿಮ್ಮ ವಿಷಯದಲ್ಲೂ ತಡವಾದ ಒಂದೊಂದು ವರ್ಷದ ಫಸಲು ನಿಮ್ಮ ಕಣಕ್ಕೆ ಬಂದಿದೆ, ತಂಗಿಯ ಮನೆಗೆ ಹೋಗಿಲ್ಲ. ಮನಸ್ಸಿನ ಕಸಿವಿಸಿ ನಿಮ್ಮಲ್ಲಿ ಕ್ರಿಸ್ತನ ಕೆಲಸ ಇನ್ನೂ ನಡೆಯುತ್ತಿದೆ ಅನ್ನುವುದರ ಗುರುತು ಅಂತ ನಾನು ನಂಬುತ್ತೇನೆ. ಅದನ್ನು ಗುರುತಾಗಿಯೇ ಇಟ್ಟುಕೊಂಡು ಇನ್ನೂ ಹತ್ತು ವರ್ಷ ಕೂರಬೇಡಿ.

ಈಗ ಕೆಲಸದ ಮಾತು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಪ್ಪ ಉಯಿಲು ಬರೆಯದೇ ತೀರಿಕೊಂಡರೆ ಮಗ, ಮಗಳು ಅಂತ ಅದರಲ್ಲಿ ಭೇದ ಇಲ್ಲ. ನೀವಿಬ್ಬರೇ ಮಕ್ಕಳು, ಅಮ್ಮನೂ ಇಲ್ಲ ಅಂದ ಮೇಲೆ ಅರ್ಧ ಅವಳದು. ಅದನ್ನು ಅವಳಿಗೆ ಹೇಗೆ ಮಾಡಿಕೊಡುವುದು, ದಾನಪತ್ರವೋ ಇನ್ನೊಂದೋ, ಒಬ್ಬ ವಕೀಲರನ್ನು ಕೇಳಿ. ಅದು ನನ್ನ ಸೀಮೆ ಅಲ್ಲ. ಆದರೆ ತಂಗಿಯ ಹತ್ತಿರ ಹೋಗುವ ಮುಂಚೆ ಹೆಂಡತಿ ಮಕ್ಕಳಿಗೆ ಹೇಳಿ. ಅವರಿಗೆ ಗೊತ್ತಿಲ್ಲದೇ ನೀವು ಒಪ್ಪಿಕೊಂಡು ಬಂದರೆ, ಆಮೇಲೆ ಮನೆಯಲ್ಲಿ ಎದ್ದ ರಾದ್ಧಾಂತಕ್ಕೆ ತಂಗಿಯೇ ಕಾರಣ ಅಂತ ಆಗುತ್ತದೆ. ಜಮೀನಿನಲ್ಲೇ ಮನೆ ಕಟ್ಟಿದ್ದರೆ ಅಥವಾ ಸ್ವಲ್ಪ ಮಾರಿದ್ದರೆ ಇವತ್ತಿನ ಬೆಲೆ ಹಿಡಿದು ಲೆಕ್ಕ ಮಾಡಿ, ಸಹಿ ಹಾಕಿಸಿದ ವರ್ಷದ ಬೆಲೆ ಅಲ್ಲ.

ಅವಳು ಇಷ್ಟು ವರ್ಷ ಕೇಳಲಿಲ್ಲ ಅನ್ನುವುದನ್ನು ಕ್ಷಮೆ ಅಂತ ತಿಳಿಯಬೇಡಿ. ನಮ್ಮ ಹೆಣ್ಣುಮಕ್ಕಳು ತವರಿನ ಬಾಗಿಲು ಮುಚ್ಚಬಾರದು ಅಂತ ಎಷ್ಟೋ ನುಂಗುತ್ತಾರೆ. ಕೇಳಿದರೆ ಕ್ರಿಸ್‌ಮಸ್ ಊಟವೂ ಹೋಗುತ್ತದೆ ಅನ್ನುವುದು ಅವಳಿಗೆ ಗೊತ್ತು. ಹೋದಾಗ ಮಾತು ಚಿಕ್ಕದಾಗಿರಲಿ. ‘ಸಾಲಕ್ಕೆ ಅಂತ ಸುಳ್ಳು ಹೇಳಿ ಸಹಿ ಹಾಕಿಸಿದೆ. ಅದು ನಿನ್ನ ಪಾಲು. ವಾಪಸ್ ಕೊಡೋಕೆ ಬಂದಿದ್ದೀನಿ.’ ಇಷ್ಟೇ. ‘ಆಗ ನನಗೂ ಕಷ್ಟ ಇತ್ತು’ ಬೇಡ. ‘ದೇವರು ನನ್ನನ್ನು ಕ್ಷಮಿಸಿದ್ದಾನೆ’ ಅಂತಲೂ ಅವಳ ಮುಂದೆ ಹೇಳಬೇಡಿ. ಅದು ನಿಜವೇ ಇರಬಹುದು, ಆದರೆ ಅವಳ ಕಿವಿಗೆ ಅದು ‘ಇನ್ನು ನೀನು ಏನೂ ಹೇಳುವ ಹಾಗಿಲ್ಲ’ ಅಂತ ಕೇಳಿಸುತ್ತದೆ. ಅವಳು ಅಳಬಹುದು, ಬೈಯಬಹುದು, ‘ನನಗೆ ಬೇಡ, ಇಟ್ಕೋ’ ಅನ್ನಬಹುದು. ಬೇಡ ಅಂದ ತಕ್ಷಣ ನಿಟ್ಟುಸಿರು ಬಿಟ್ಟು ಎದ್ದು ಬರಬೇಡಿ. ಪತ್ರ ಮಾಡಿಸಿ ಅವಳ ಕೈಗೆ ಕೊಡಿ, ಬೇಕೋ ಬೇಡವೋ ಅವಳೇ ತೀರ್ಮಾನಿಸಲಿ. ಕ್ಷಮಿಸಲೇಬೇಕು ಅನ್ನುವ ಸಾಲವೇನೂ ಅವಳ ಮೇಲೆ ಇಲ್ಲ.

ಈ ನಡುವೆ ಮನಸ್ಸು ತೀರಾ ಕುಸಿದರೆ ಒಬ್ಬರೇ ಕೂರಬೇಡಿ. ಸಭಾಪಾಲಕರಿಗೆ, ಇಲ್ಲವೇ ನಂಬಿಕಸ್ತ ಸ್ನೇಹಿತರಿಗೆ ಪೂರ್ತಿ ವಿಷಯ ಹೇಳಿ. ನಿದ್ದೆ ಹಲವಾರು ವಾರ ಬರದಿದ್ದರೆ ಡಾಕ್ಟರಿಗೂ ತೋರಿಸಿ, ಅದರಲ್ಲಿ ವಿಶ್ವಾಸದ ಕೊರತೆ ಏನೂ ಇಲ್ಲ.

ಇನ್ನು ಕರ್ತನ ಭೋಜನ. ಪೌಲ ಕೊರಿಂಥದವರಿಗೆ ಬರೆದದ್ದು (ಮೊದಲ ಪತ್ರ, 11:28) ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ಆ ರೊಟ್ಟಿ ತಿನ್ನಲಿ ಅಂತ. ಪರೀಕ್ಷಿಸಿಕೊಂಡು ದೂರ ಕೂರಲಿ ಅಂತ ಅಲ್ಲ. ಕೆಲವೇ ಗಂಟೆಗಳಲ್ಲಿ ಸುಳ್ಳು ಹೇಳಲಿದ್ದ ಪೇತ್ರನೂ ಯೇಸುವಿನ ಕೊನೆಯ ಊಟದ ಆ ಮೇಜಿನಲ್ಲಿ ಕೂತಿದ್ದ. ಆದರೆ ಮತ್ತಾಯ 5ರಲ್ಲಿ ಯೇಸುವಿನ ಇನ್ನೊಂದು ಮಾತಿದೆ. ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಸಂಗಡ ಒಂದಾಗು, ಆಮೇಲೆ ಬಂದು ಕೊಡು. ಎರಡನ್ನೂ ಸೇರಿಸಿ ನಾನು ಹೇಳುವುದು ಇಷ್ಟು. ಈ ವಾರ ತಂಗಿಗೆ ಫೋನ್ ಮಾಡಿ, ಹೋಗುವ ದಿನ ಗೊತ್ತು ಮಾಡಿ. ಹೋಗಿ ಬನ್ನಿ. ಅವಳು ಏನೇ ಹೇಳಿರಲಿ, ನಿಮ್ಮ ಸಭೆಯಲ್ಲಿ ಮುಂದಿನ ಭೋಜನ ಯಾವ ಭಾನುವಾರ ಇದೆಯೋ ಆವತ್ತೇ ತೆಗೆದುಕೊಳ್ಳಿ. ಅವಳು ಕ್ಷಮಿಸುವ ತನಕ ಕಾಯುತ್ತೇನೆ ಅಂದರೆ, ಕ್ರಿಸ್ತ ಹೊತ್ತ ಬೆಲೆಯನ್ನು ತಂದು ಅವಳ ತಲೆಗೆ ಕಟ್ಟಿದ ಹಾಗಾಗುತ್ತದೆ. ಈಗಾಗಲೇ ಅವಳಿಂದ ತೆಗೆದುಕೊಂಡದ್ದು ಸಾಕು.